ಗ್ಲೈಡರ್ ವೇರಿಯೋಮೀಟರಿಗೆ ಜಡತ್ವ ಸೆನ್ಸರ್ ಜೋಡಿಸುವ ಬಗೆ

ವೇರಿಯೋಮೀಟರ್ ಎಂಜಿನ್ನಿಲ್ಲದ ವಿಮಾನವಾದ ಗ್ಲೈಡರಿನ ಏರಿಳಿತವನ್ನು ಗಾಳಿಯೊತ್ತಡದಿಂದ ಅಳೆದು, ಏರುವಾಗ ಬೀಪ್ ಸದ್ದು ಮಾಡುತ್ತದೆ. ಎಂಎಸ್5611 ಎಂಬ ಒತ್ತಡದ ಚಿಪ್ ಸುಮಾರು 10 ಸೆಂಟಿಮೀಟರ್ ಎತ್ತರದ ವ್ಯತ್ಯಾಸ ಹಿಡಿಯಬಲ್ಲದು, ಆದರೆ ಅಳತೆಯಲ್ಲಿನ ಗದ್ದಲ (ಅಂಕಿಗಳ ಅಡ್ಡಾದಿಡ್ಡಿ ಅಲುಗಾಟ) ತಗ್ಗಿಸಲು ಒಂದೆರಡು ಸೆಕೆಂಡಿನ ಸರಾಸರಿ ಬೇಕು. 20 ಸೆಕೆಂಡಿನ ಸುತ್ತಿನಲ್ಲಿ 2 ಸೆಕೆಂಡ್ ತಡವೆಂದರೆ 36 ಡಿಗ್ರಿ. ಬೀಪ್ ಕೇಳುವಷ್ಟರಲ್ಲಿ ಥರ್ಮಲಿನ (ಬಿಸಿ ಏರುಗಾಳಿಯ ಕಂಬದ) ತಿರುಳು ದಾಟಿಹೋಗಿರುತ್ತದೆ. ಏರುಗಾಳಿ ರೆಕ್ಕೆಯನ್ನು ಎತ್ತಿದ ಕೂಡಲೇ ವೇಗೋತ್ಕರ್ಷ ಅಳೆಯುವ ಜಡತ್ವ ಸೆನ್ಸರಾದ ಅಕ್ಸೆಲೆರೋಮೀಟರಿಗೆ ಅದು ತಿಳಿಯುತ್ತದೆ. ಅದಕ್ಕೇ ಎರಡನ್ನೂ ಜೋಡಿಸುವುದು.

ಸೆನ್ಸರ್ ಬೋರ್ಡನ್ನು ಸ್ಕ್ರೂ ಹಾಕಿ ಗಟ್ಟಿಯಾಗಿ ಕೂರಿಸಿ, ಸ್ಪೀಕರಿನಿಂದ ದೂರವಿಡಿ. ಒತ್ತಡದ ಚಿಪ್ ಬೆಳಕಿಗೂ ಸ್ಪಂದಿಸುತ್ತದೆ. ಮುಚ್ಚಿದ ಡಬ್ಬಿಯಲ್ಲಿಟ್ಟು ಹೊರಗಿನ ಗಾಳಿಯೊತ್ತಡ ತರುವ ಸ್ಟ್ಯಾಟಿಕ್ ನಳಿಕೆಗೇ ಜೋಡಿಸಿ, ಕಾಕ್‌ಪಿಟ್ ಗಾಳಿಗೆ ಬಿಡಬೇಡಿ. ಡಬ್ಬಿಯನ್ನು ಅದರ ಆರೂ ಮುಖಗಳ ಮೇಲೆ ತಲಾ 10 ಸೆಕೆಂಡ್ ನಿಲ್ಲಿಸಿ ಅಕ್ಸೆಲೆರೋಮೀಟರ್ ಹೊಂದಿಸಿ. ಬಾಲ ನೆಲಕ್ಕೂರಿದ ಗ್ಲೈಡರಿನಲ್ಲಿ ಶೂನ್ಯ ಹೊಂದಿಸಬೇಡಿ. ಕೈಪಿಡಿ ಹೇಳುವ ಹಾರಾಟದ ಭಂಗಿಗೆ ಬಾಲ ಎತ್ತಿ ಆಧಾರ ಕೊಡಿ.

ಅಕ್ಸೆಲೆರೋಮೀಟರ್, ತಿರುಗುವ ದರ ಅಳೆಯುವ ಗೈರೋ ಎರಡನ್ನೂ ಸೆಕೆಂಡಿಗೆ 100 ಸಲ, ಒತ್ತಡವನ್ನು 50 ಸಲ ಓದಿ, ಹಲವು ಸೆನ್ಸರುಗಳ ಅಳತೆ ಬೆರೆಸಿ ಅಂದಾಜು ಕೊಡುವ ಲೆಕ್ಕವಾದ ಕಾಲ್ಮನ್ ಫಿಲ್ಟರಿಗೆ ಕೊಡಿ. ಎತ್ತರ, ಏರುವೇಗ, ಅಕ್ಸೆಲೆರೋಮೀಟರಿನ ಸ್ಥಿರ ದೋಷ ಎಂಬ ಮೂರು ಅಂಕಿ ಸಾಕು. ಸ್ಥಿರ ದೋಷ ನಿಮಿಷಗಟ್ಟಲೆ ನಿಧಾನವಾಗಿ ಬದಲಾಗಲಿ. ಬೇಗ ಬದಲಾಗಲು ಬಿಟ್ಟರೆ ಸುತ್ತಿನಲ್ಲಿನ ತಪ್ಪನ್ನು ಕಲಿತು, ನೇರಕ್ಕೆ ಬಂದಾಗ ಉಲ್ಟಾ ತೋರಿಸುತ್ತದೆ.

ಹೆಚ್ಚಿನ ಪ್ರಯತ್ನಗಳು ಕೆಡುವುದು ಸುತ್ತಿನಲ್ಲೇ. ಸರಿಯಾಗಿ ವಾಲಿದ ಸುತ್ತಿನಲ್ಲಿ ಅಕ್ಸೆಲೆರೋಮೀಟರಿಗೆ ‘ಕೆಳಗೆ’ ಎಂದರೆ ಕಾಕ್‌ಪಿಟ್ಟಿನ ನೆಲ. ಡ್ರೋನಿಗೆಂದು ಬರೆದ ಭಂಗಿ (ವಾಲಿಕೆ) ಲೆಕ್ಕವನ್ನು ಹಾಗೇ ತಂದರೆ, ಕೆಲವೇ ಸುತ್ತುಗಳಲ್ಲಿ ಗ್ಲೈಡರ್ ಸಮತಟ್ಟಾಗಿದೆ ಎಂದು ಅದು ನಂಬಿಬಿಡುತ್ತದೆ. 45 ಡಿಗ್ರಿ ವಾಲಿದಾಗ 1 ಡಿಗ್ರಿ ತಪ್ಪಾದರೂ ಲಂಬ ವೇಗೋತ್ಕರ್ಷದಲ್ಲಿ ಸೆಕೆಂಡಿಗೆ ಸೆಕೆಂಡಿಗೆ 0.17 ಮೀಟರ್ ಸುಳ್ಳು ಸೇರುತ್ತದೆ. ಹಾಗಾಗಿ ಗಾಳಿವೇಗವನ್ನು ತಿರುಗುವ ದರದಿಂದ ಗುಣಿಸಿ, ಬಂದ ಕೇಂದ್ರಾಭಿಮುಖ ಅಂಶವನ್ನು ಕಳೆದ ಮೇಲೇ ಭಂಗಿ ತಿದ್ದಿ. ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ಇನ್ನು ಎದುರುಗಾಳಿಯ ಹೊಡೆತ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹಾರುವಾಗ ಎದುರುಗಾಳಿ ಸೆಕೆಂಡಿಗೆ 1 ಮೀಟರ್ ಹೆಚ್ಚಿದರೆ, ಒಟ್ಟು ಶಕ್ತಿ (ಎತ್ತರ, ವೇಗ ಎರಡರದೂ ಸೇರಿ) ಅಳೆಯುವ ನಳಿಕೆ 3 ಮೀಟರ್ ಏರಿದಂತೆ ಲೆಕ್ಕ ಕೊಡುತ್ತದೆ. ಚಲನಶಕ್ತಿಯ ಬದಲಾವಣೆಯನ್ನು ಮುಮ್ಮುಖ ವೇಗೋತ್ಕರ್ಷದಿಂದ, ಗುರುತ್ವದ ಪಾಲು ಕಳೆದು, ಲೆಕ್ಕ ಹಾಕಿದರೆ ಈ ಮೋಸ ಬಹುಪಾಲು ತಪ್ಪುತ್ತದೆ.

ಮೊದಲು ಮೇಜಿನ ಮೇಲೆ ಪರೀಕ್ಷಿಸಿ: ಡಬ್ಬಿಯನ್ನು 1 ಮೀಟರ್ ಎತ್ತಿದಾಗ ತಕ್ಷಣ ಬೀಪ್ ಬರಬೇಕು, ನಿಲ್ಲಿಸಿದಾಗ ನಿಲ್ಲಬೇಕು, 45 ಡಿಗ್ರಿ ವಾಲಿಸಿ ಹಿಡಿದರೆ ಮುಳ್ಳು ಶೂನ್ಯದಲ್ಲೇ ಇರಬೇಕು. ಹಾರಾಟದಲ್ಲಿ ಹಳೆಯ ವೇರಿಯೋಮೀಟರ್ ಬೇರೆ ನಳಿಕೆಯಲ್ಲಿ ಓಡುತ್ತಿರಲಿ. ಶಾಂತ ಗಾಳಿಯಲ್ಲಿ ಎಡಕ್ಕೂ ಬಲಕ್ಕೂ ಒಂದೇ ವಾಲಿಕೆಯಲ್ಲಿ ಸುತ್ತಿ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ತೋರಿಸಿದರೆ ಬಹುಮಟ್ಟಿಗೆ ಡಬ್ಬಿಯೇ ಅಡ್ಡಕ್ಕೆ ವಾಲಿ ಕೂತಿದೆ. ಫಿಲ್ಟರ್ ಮುಟ್ಟುವ ಮೊದಲು ಅದನ್ನು ಸರಿಪಡಿಸಿ.