ಸ್ಟ್ರಾಬೆರಿ ಗಿಡ ಬಾಡೋದು ನಿಂತಿದ್ದು ಹೀಗೆ

ಬೆಳಗಾವಿ ಹತ್ತಿರ ನಮ್ಮದು ಅರ್ಧ ಎಕರೆ ಸ್ಟ್ರಾಬೆರಿ. ಹೋದ ವರ್ಷ ಸಾಲುಸಾಲೇ ಬಾಡಿತು, ಕಿತ್ತು ನೋಡಿದರೆ ಬೇರುಗಳೆಲ್ಲ ಕಂದು. ಮಣ್ಣಿಗೆ ವಿಷ ಹಾಕೋಕೆ ಮನಸ್ಸಾಗಲಿಲ್ಲ, ಪಕ್ಕದಲ್ಲೇ ಬಾವಿ ಇದೆ ಅಲ್ವಾ. ಏಪ್ರಿಲ್‌ನಲ್ಲಿ ಮಡಿ ಮಾಡಿ, ಚೆನ್ನಾಗಿ ನೀರು ಹಾಯಿಸಿ, 25 ಮೈಕ್ರಾನಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ, ಕಾವಿಗೆ ಮಣ್ಣಿನ ರೋಗಾಣು ಸಾಯಲಿ ಅಂತ 6 ವಾರ ಬಿಸಿಲಿಗೆ ಬಿಟ್ಟೆ. ಕಪ್ಪು ಹಾಳೆ ಬೇಡ, ಅದರಡಿ ಮಣ್ಣು ಅಷ್ಟು ಕಾಯುವುದಿಲ್ಲ. ಅಕ್ಟೋಬರ್‌ನಲ್ಲಿ ನೆಟ್ಟ ಸಸಿ ಚೆನ್ನಾಗಿ ನಿಂತವು.

ಜನವರಿಯಲ್ಲಿ ನುಸಿ ಬಂತು. ಎಲೆ ತಿರುಗಿಸಿದರೆ ತೆಳ್ಳನೆ ಬಲೆ, ಅದರೊಳಗೆ ಬೆನ್ನ ಮೇಲೆ ಎರಡು ಕಪ್ಪು ಚುಕ್ಕೆಯ ಪುಟ್ಟ ಜೀವ. ಥ್ರಿಪ್ಸ್ ಅನ್ನೋ ರಸ ಹೀರುವ ಕೀಟ ಅಂದುಕೊಂಡು ಸುಮ್ನೆ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಹೊಡೆದೆ, ನುಸಿ ಇನ್ನೂ ಜಾಸ್ತಿಯಾಯ್ತು. ಆಮೇಲೆ ಹಳೇ ಎಲೆ ಕಿತ್ತು ಸುಟ್ಟೆ, ಎಲೆಯ ಅಡಿಗೆ ಜೋರಾಗಿ ನೀರು ಬಿಟ್ಟೆ, ದಾರಿಯ ಧೂಳಿಗೂ ನೀರು ಚಿಮುಕಿಸಿದೆ. ಎರಡು ವಾರಕ್ಕೆ ಹಸಿರು ಚಿಗುರು ಬಂತು.