ಮದರಂಗಿ ಎಲೆಯ ಚಿತ್ರವಿರುವ ಪೊಟ್ಟಣದ ಹಿಂಬದಿಯನ್ನು ಓದುವ ಬಗೆ

ಮದರಂಗಿ ಸೊಪ್ಪನ್ನು ಅರೆದು ಕೈಗೆ ಹಚ್ಚಿಕೊಂಡವರಿಗೆಲ್ಲ ಗೊತ್ತಿರುವಂತೆ, ಕೈ ತೊಳೆದ ಕೂಡಲೇ ಕಿತ್ತಳೆಯಾಗಿ ಕಾಣುವ ಬಣ್ಣ ಮರುದಿನದ ಹೊತ್ತಿಗೆ ಕಡುಗೆಂಪಾಗುತ್ತದೆಯೇ ಹೊರತು ಇದ್ದಿಲಿನಂತೆ ಕಪ್ಪಾಗುವುದಿಲ್ಲ. ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯದ ಗುಣವೇ ಅದು. ಹೀಗಿರುವಾಗ ಅರ್ಧ ಗಂಟೆಯಲ್ಲಿ ನರೆಗೂದಲನ್ನು ಕಪ್ಪಾಗಿಸುವುದಾಗಿ ಹೇಳುವ ‘ಕಪ್ಪು ಮೆಹಂದಿ’ ಪುಡಿಯಲ್ಲಿ ಮದರಂಗಿಯ ಜೊತೆಗೆ ಬೇರೇನೋ ಇರಲೇಬೇಕು. ಹೆಚ್ಚಿನ ಪೊಟ್ಟಣಗಳಲ್ಲಿ ಅದು ಪ್ಯಾರಾ ಫೆನೈಲೀನ್ ಡೈಅಮೀನ್, ಅಂದರೆ ಪಿಪಿಡಿ ಎಂಬ, ಕೆಲವರಿಗೆ ಅಲರ್ಜಿ ತರುವ ರಾಸಾಯನಿಕ ಬಣ್ಣ.

ಕಳೆದ ವರ್ಷ ಮನೆಯ ಮದುವೆಗೆ ಮೂರು ದಿನವಿರುವಾಗ ನಮ್ಮ ಅಕ್ಕ ಇಂಥದೇ ಪುಡಿಯನ್ನು ಕಲಸಿ ತಲೆಗೆ ಹಚ್ಚಿಕೊಂಡರು. ಹಿಂದೆ ಎಷ್ಟೋ ಸಲ ಹಚ್ಚಿದ್ದರಿಂದ ಅವರಿಗೆ ಅಂಜಿಕೆಯಿರಲಿಲ್ಲ. ಆ ರಾತ್ರಿ ಕಿವಿಯ ಹಿಂದೆ ತುರಿಕೆ ಶುರುವಾಯಿತು, ಮರುದಿನ ಹಣೆ ಊದಿತು, ಮದುವೆಯ ದಿನ ಬೆಳಗ್ಗೆ ರೆಪ್ಪೆಗಳು ಬಾತು ಕಣ್ಣು ತೆರೆಯಲಾಗಲಿಲ್ಲ. ಚರ್ಮರೋಗ ವೈದ್ಯರು ಮೊದಲು ಕೇಳಿದ್ದು ಪೊಟ್ಟಣ ಎಲ್ಲಿದೆ ಎಂದು. ಕಸದ ಬುಟ್ಟಿಯಿಂದ ಅದನ್ನು ಹುಡುಕಿ ತೆಗೆದು, ಮೊಬೈಲಿನಲ್ಲಿ ಫೋಟೊ ಹಿಡಿದು ದೊಡ್ಡದು ಮಾಡಿ ನೋಡಿದೆವು. ಮುಂದೆ ಹಸಿರು ಎಲೆಯ ಚಿತ್ರವಿತ್ತು. ಹಿಂದೆ, ಅಂಟಿಸಿದ ಮಡಿಕೆಯ ಅಂಚಿನಲ್ಲಿ, ಎಳ್ಳಿನ ಕಾಳಿಗಿಂತ ಸಣ್ಣ ಅಕ್ಷರಗಳಲ್ಲಿ ಲಾಸೋನಿಯಾ ಇನರ್ಮಿಸ್, ಬೇರಿಯಂ ಪೆರಾಕ್ಸೈಡ್, ಪಿ-ಫೆನೈಲೀನ್‌ಡೈಅಮೀನ್ ಎಂದಿತ್ತು.

ಆದ್ದರಿಂದ ಅಂಗಡಿಯಲ್ಲಿಯೇ ಪೊಟ್ಟಣವನ್ನು ತಿರುಗಿಸಿ ‘ಇಂಗ್ರೀಡಿಯೆಂಟ್ಸ್’ ಎಂಬ ಪದವನ್ನು ಹುಡುಕಬೇಕು. ನಮ್ಮ ದೇಶದ ನಿಯಮದಂತೆ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಲಾಸೋನಿಯಾ ಇನರ್ಮಿಸ್ ಎಂದರೆ ನಮ್ಮ ಮದರಂಗಿಯೇ. ಪಿಪಿಡಿಗೆ ಮಾತ್ರ ಹಲವು ಹೆಸರುಗಳಿವೆ: 1,4-ಡೈಅಮಿನೊಬೆಂಜೀನ್, 1,4-ಬೆಂಜೀನ್‌ಡೈಅಮೀನ್, ಸಿಐ 76060 ಇವೆಲ್ಲ ಅದೇ ವಸ್ತು. ಐರೋಪ್ಯ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಮಿಶ್ರಣದಲ್ಲಿ ಇದು ಶೇ. 2ನ್ನು ಮೀರುವಂತಿಲ್ಲ, ಚರ್ಮದ ಮೇಲೆ ಚಿತ್ರ ಬಿಡಿಸುವ ಬಣ್ಣದಲ್ಲಿ ಇದನ್ನು ಬಳಸುವಂತೆಯೇ ಇಲ್ಲ.

ಇಲ್ಲೊಂದು ತೊಡಕಿದೆ. 30 ಗ್ರಾಂಗಿಂತ ಕಡಿಮೆ ತೂಕದ ಪುಡಿಯ ಪೊಟ್ಟಣಕ್ಕೂ 60 ಮಿಲಿಲೀಟರ್‌ಗಿಂತ ಕಡಿಮೆಯ ದ್ರವಕ್ಕೂ ಪದಾರ್ಥಗಳ ಪಟ್ಟಿ ಕಡ್ಡಾಯವಲ್ಲ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಸರದಂತೆ ತೂಗುಹಾಕಿರುವ ಸಣ್ಣ ಪೊಟ್ಟಣಗಳಲ್ಲಿ ಪಟ್ಟಿಯೇ ಕಾಣದಿರಲು ಇದು ಕಾರಣ, ಮತ್ತು ಈ ವಿನಾಯಿತಿ ಸರಿಯಲ್ಲವೆಂದೇ ನನ್ನ ದೃಢ ಅಭಿಪ್ರಾಯ. ಏಕೆಂದರೆ ಬಹಳ ಜನ ಕೊಳ್ಳುವುದು ಆ ಪೊಟ್ಟಣವನ್ನೇ. ಪಟ್ಟಿ ಇಲ್ಲದ ಕಡೆ ಎಚ್ಚರಿಕೆಯ ವಾಕ್ಯವನ್ನು ಹುಡುಕಿ. ಪಿಪಿಡಿಯಿರುವ ಹೇರ್ ಡೈನ ಒಳ, ಹೊರ ಹೊದಿಕೆಗಳೆರಡರ ಮೇಲೂ, ಇದು ಕೆಲವರಲ್ಲಿ ಚರ್ಮದ ಉರಿಗೆ ಕಾರಣವಾಗಬಹುದು, ಮೊದಲು ಪರೀಕ್ಷೆ ಮಾಡಿಕೊಳ್ಳಬೇಕು, ರೆಪ್ಪೆ ಮತ್ತು ಹುಬ್ಬಿಗೆ ಹಚ್ಚಿದರೆ ಕುರುಡಾಗಬಹುದು ಎಂಬ ಅರ್ಥದ ಮಾತು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದು ನಿಯಮವಿದೆ. ಆ ಮಾತು ಕಂಡರೆ, ಮುಂಬದಿಯಲ್ಲಿ ‘ಹರ್ಬಲ್’ ಎಂದು ಎಷ್ಟೇ ದಪ್ಪಕ್ಷರದಲ್ಲಿದ್ದರೂ, ಅದನ್ನು ರಾಸಾಯನಿಕ ಬಣ್ಣವೆಂದೇ ಎಣಿಸಿ. ಪಟ್ಟಿಯೂ ಇಲ್ಲದೆ, ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆಗಳೂ ಇಲ್ಲದಿದ್ದರೆ ಅದನ್ನು ಕೊಳ್ಳಲೇಬೇಡಿ.

‘ಅಮೋನಿಯಾ ಇಲ್ಲ’ ಎಂಬುದಕ್ಕೂ ಪಿಪಿಡಿಗೂ ಸಂಬಂಧವಿಲ್ಲ. ‘ಪಿಪಿಡಿ ಇಲ್ಲ’ ಎಂದಿರುವಲ್ಲಿ ಟಾಲ್ಯೀನ್-2,5-ಡೈಅಮೀನ್ ಎಂಬ ಅದರ ಹತ್ತಿರದ ನಂಟಿನ ವಸ್ತು ಇದೆಯೇ ಎಂದು ನೋಡಿ. ಪಿಪಿಡಿ ಒಗ್ಗದ ಅನೇಕರಿಗೆ ಅದೂ ಒಗ್ಗುವುದಿಲ್ಲ.

ಪಟ್ಟಿ ಓದಿದ ಮೇಲೂ ಬಳಸುವುದಾದರೆ ಪರೀಕ್ಷೆ ಮಾಡಿಕೊಳ್ಳಲೇಬೇಕು. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಜಾಗವನ್ನು ಸೋಪಿನಿಂದ ತೊಳೆದು ಒರೆಸಿ, ತಲೆಗೆ ಕಲಸುವ ರೀತಿಯಲ್ಲಿಯೇ ಕಲಸಿದ ಬಣ್ಣವನ್ನು ಚುಕ್ಕೆಯಷ್ಟು ಹಚ್ಚಿ ಒಣಗಲು ಬಿಡಿ. ನಮ್ಮ ನಿಯಮ ಹೇಳುವುದು 24 ಗಂಟೆ ಬಿಟ್ಟು ತೊಳೆದು ನೋಡಬೇಕೆಂದು. ಆದರೆ ಈ ಅಲರ್ಜಿ ಎರಡು ಮೂರು ದಿನ ತಡವಾಗಿಯೂ ಕಾಣಿಸಿಕೊಳ್ಳುವುದರಿಂದ ಇನ್ನೊಂದು ದಿನ ಕಾಯುವುದು ಒಳ್ಳೆಯದು. ಕೆಂಪು, ತುರಿಕೆ, ಗುಳ್ಳೆಗಳಲ್ಲಿ ಯಾವುದು ಕಂಡರೂ ತಲೆಗೆ ಹಚ್ಚಬಾರದು. ಒಮ್ಮೆ ಪರೀಕ್ಷೆ ಮಾಡಿದರೆ ಸಾಲದು, ಪ್ರತಿ ಸಲವೂ ಮಾಡಬೇಕು. ವರ್ಷಗಟ್ಟಲೆ ಸಹಿಸಿಕೊಂಡಿದ್ದ ದೇಹ ಯಾವ ಸಲ ತಿರುಗಿಬೀಳುತ್ತದೆಂದು ಮೊದಲೇ ತಿಳಿಯುವುದಿಲ್ಲ. ಜಾತ್ರೆಯಲ್ಲಿ ಮಕ್ಕಳ ಕೈಗೆ ಕಪ್ಪು ಮೆಹಂದಿ ಹಾಕಿಸುವುದನ್ನು ನಾನು ಬಲವಾಗಿ ವಿರೋಧಿಸುವುದು ಈ ಕಾರಣಕ್ಕೇ: ಆಗ ಹುಟ್ಟಿದ ಅಲರ್ಜಿ ದೊಡ್ಡವರಾಗಿ ಮೊದಲ ಸಲ ತಲೆಗೆ ಬಣ್ಣ ಹಚ್ಚಿದಾಗ ತೀವ್ರವಾಗಿ ಕೆರಳಬಹುದು.

ತೊಂದರೆಯಾದರೆ ತಲೆಯನ್ನು ಸಾಕಷ್ಟು ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ಉಸಿರಾಟಕ್ಕೆ ಕಷ್ಟವಾದರೆ ಅಥವಾ ಮುಖ ಬೇಗನೆ ಊದಿದರೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಪೊಟ್ಟಣ ಜೊತೆಯಲ್ಲಿರಲಿ. ವೈದ್ಯರಿಗೆ ಅದರ ಪಟ್ಟಿ ಬೇಕು, ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡುವುದಾದರೆ ಅದರ ಮೇಲಿನ ಬ್ಯಾಚ್ ಸಂಖ್ಯೆ ಬೇಕು. ಅಕ್ಕನ ಪೊಟ್ಟಣದ ಫೋಟೊ ಇಂದಿಗೂ ನನ್ನ ಮೊಬೈಲಿನಲ್ಲಿದೆ. ಅವರು ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನೇ ತೋರಿಸುತ್ತೇವೆ.