ಬ್ಯಾಳಿ ಬೇಯದ ನೀರಿನಲ್ಲಿ ಕಾಫಿ

ಬೆಂಗಳೂರಿನಲ್ಲಿದ್ದಾಗ ಒಂದು ಕ್ಯಾಪ್ಸೂಲ್ ಕಾಫಿ ಮಷೀನ್ ತಗೊಂಡಿದ್ದೆ. ಒಂದು ಸಲಕ್ಕೆ ಒಂದೇ ಕಪ್. ಕ್ಯಾಪ್ಸೂಲ್ ಇಟ್ಟು, ಹಿಡಿ ಇಳಿಸಿ, ಬಟನ್ ಒತ್ತಿದರೆ ಆಯಿತು. ನಸುಕಿನಲ್ಲೇ ಕೆಲಸಕ್ಕೆ ಹೊರಡುವವನಿಗೆ ಅದು ದೊಡ್ಡ ಅನುಕೂಲ. ಕೆಲಸ ಬದಲಾಗಿ ಊರಿಗೆ, ಅಂದರೆ ಶಹಾಬಾದಿಗೆ ವಾಪಸ್ ಬಂದಾಗ ಆ ಮಷೀನನ್ನು ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡೇ ರೈಲಿನಲ್ಲಿ ತಂದೆ.

ಇಲ್ಲಿ ಬಂದ ಮೇಲೆ ಅದೇ ಮಷೀನ್, ಅದೇ ಕ್ಯಾಪ್ಸೂಲ್. ಕಾಫಿ ಮಾತ್ರ ಬೇರೆ. ವಾಸನೆ ಇದೆ, ರುಚಿ ಇಲ್ಲ. ಕುಡಿದ ಮೇಲೆ ನಾಲಿಗೆಯ ಮೇಲೆ ಸುಣ್ಣ ಸವರಿದ ಹಾಗೆ ಒಂದು ಪೊರೆ ಉಳಿಯುತ್ತಿತ್ತು. ಕ್ಯಾಪ್ಸೂಲ್ ಹಳೆಯದಿರಬೇಕು ಅಂದುಕೊಂಡು ಹೊಸ ಡಬ್ಬಿ ತರಿಸಿದೆ. ಹಾಗೇ ಇತ್ತು. ನಾಲ್ಕು ತಿಂಗಳಾಗುವಷ್ಟರಲ್ಲಿ ನೀರಿನ ಧಾರೆಯೂ ಸಣ್ಣದಾಯಿತು. ಪಂಪು ಗುರ್ ಅನ್ನುತ್ತಿತ್ತು, ಕಾಫಿ ಹನಿಹನಿಯಾಗಿ ಬೀಳುತ್ತಿತ್ತು. ಕಲಬುರಗಿಗೆ ಒಯ್ದು ಎರಡು ಅಂಗಡಿಯಲ್ಲಿ ತೋರಿಸಿದೆ. ಇಂಥ ಮಷೀನ್ ಬಿಚ್ಚುವವರು ಸಿಗಲಿಲ್ಲ.

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲೇ. ನಾನು ಬೋರಿನ ನೀರನ್ನು ಮಷೀನಿನ ಟ್ಯಾಂಕಿಗೆ ಹಾಕುವುದನ್ನು ಅವ್ವ ನೋಡಿದರು. "ಆ ನೀರಾಗ ಬ್ಯಾಳಿನೇ ಬೇಯಂಗಿಲ್ಲ ತಮ್ಮಾ, ನಿನ್ನ ಕಾಫಿ ಹ್ಯಾಂಗ ಛಲೋ ಆಗ್ತದ?" ಅಂದರು.

ತೊಗರಿಯ ನಾಡಿನ ಹೆಣ್ಣುಮಕ್ಕಳಿಗೆ ಇದು ಗೊತ್ತಿರುವ ಮಾತು. ನಮ್ಮ ಮನೆಯಲ್ಲಿ ಬೇಳೆ ಬೇಯಿಸಲು ನಳದ ನೀರನ್ನು ಬೇರೆ ಕೊಡದಲ್ಲಿ ತೆಗೆದಿಡುತ್ತಾರೆ. ಬೋರಿನ ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯ ಒಳಗಿನ ಅಂಟನ್ನು ಗಟ್ಟಿ ಮಾಡುತ್ತದೆ, ಅದಕ್ಕೇ ಎಷ್ಟು ಸೀಟಿ ಹೊಡೆಸಿದರೂ ಬೇಳೆ ಕರಗುವುದಿಲ್ಲ. ನಾವು ನಿಂತಿರುವ ನೆಲವೇ ಸುಣ್ಣದ ಕಲ್ಲು. ಮನೆಗೆ ಹಾಸುವ ಶಹಾಬಾದ್ ಪರ್ಸಿ ಅಂದರೆ ಅದೇ ಕಲ್ಲು. ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿದ್ದೂ ಅದನ್ನು ನೋಡಿಯೇ. ಆ ಕಲ್ಲಿನ ಸಂದಿಯಿಂದ ಬರುವ ನೀರಿನಲ್ಲಿ ಸುಣ್ಣ ಇಲ್ಲದೆ ಇರುತ್ತದಾ? ಬೆಂಗಳೂರಿನಲ್ಲಿ ನಮ್ಮ ಮನೆಗೆ ಕಾವೇರಿ ನೀರು ಬರುತ್ತಿತ್ತು. ಅದು ಇಷ್ಟು ಗಡಸಲ್ಲ. ಅಷ್ಟು ವರ್ಷ ನನಗೆ ನೀರಿನ ವಿಚಾರವೇ ತಲೆಗೆ ಬಂದಿರಲಿಲ್ಲ. ಒಂದು ಕಪ್ ಕಾಫಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಇರುವುದು ನೀರೇ ಅಲ್ವಾ.

ಗಡಸು ನೀರು ಎರಡು ಕಡೆ ಕೆಲಸ ಕೆಡಿಸುತ್ತದೆ. ಒಂದು, ರುಚಿಯಲ್ಲಿ. ಒಳ್ಳೆಯ ಕಾಫಿಗೆ ಹಣ್ಣಿನಂಥ ಒಂದು ಸಣ್ಣ ಹುಳಿ ಇರುತ್ತದೆ. ನೀರಿನಲ್ಲಿರುವ ಬೈಕಾರ್ಬೊನೇಟ್ ಆ ಹುಳಿಯನ್ನು ಕೊಂದುಬಿಡುತ್ತದೆ. ಆಮೇಲೆ ಉಳಿಯುವುದು ಬರೀ ಕಹಿ. ಎರಡನೆಯದು, ಮಷೀನಿನ ಹೊಟ್ಟೆಯಲ್ಲಿ. ಅದರೊಳಗೆ ಸಣ್ಣ ಕೊಳವೆಯಿರುವ ಒಂದು ಲೋಹದ ತುಂಡು ಇರುತ್ತದೆ. ನೀರು ಅದರಲ್ಲಿ ಹಾಯುವಾಗ ಬಿಸಿಯಾಗುತ್ತದೆ. ಚಹಾದ ಬೋಗುಣಿಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಈ ಕೊಳವೆಯಲ್ಲೂ ಕಟ್ಟುತ್ತದೆ. ಧಾರೆ ಸಣ್ಣದಾಗುತ್ತದೆ, ನೀರು ಸಾಕಷ್ಟು ಕಾಯುವುದಿಲ್ಲ.

ಮೊದಲು ಆ ಪದರ ತೆಗೆದೆ. ಕಿರಾಣಿ ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಸಿಗುತ್ತದೆ, ನಿಂಬೆ ಉಪ್ಪು ಅಂತ ಕೇಳಿದರೂ ಕೊಡುತ್ತಾರೆ. ಒಂದು ಲೀಟರ್ ತಣ್ಣೀರಿಗೆ 20 ಗ್ರಾಂ ಕರಗಿಸಿ ಟ್ಯಾಂಕಿಗೆ ಹಾಕಿದೆ. ಕ್ಯಾಪ್ಸೂಲ್ ಇಡದೆ ಅರ್ಧ ನೀರು ಬಿಟ್ಟೆ. ಮಷೀನ್ ಆರಿಸಿ 20 ನಿಮಿಷ ಹಾಗೇ ಬಿಟ್ಟೆ. ಆಮೇಲೆ ಉಳಿದದ್ದನ್ನೂ ಬಿಟ್ಟೆ. ಬಂದ ನೀರಿನಲ್ಲಿ ಬಿಳಿ ಹುಡಿ ತೇಲುತ್ತಿತ್ತು. ಕೊನೆಗೆ ಎರಡು ಟ್ಯಾಂಕ್ ಒಳ್ಳೆಯ ನೀರು ಹಾಯಿಸಿ ತೊಳೆದೆ. ಧಾರೆ ಮೊದಲಿನಂತಾಯಿತು! ಕಲಬುರಗಿಯ ತನಕ ಹೊತ್ತು ತಿರುಗಿದ್ದು ಇಷ್ಟಕ್ಕೇ. ವಿನೆಗರ್ ಬೇಡ. ಅದರ ವಾಸನೆ ಒಳಗಿನ ರಬ್ಬರಿಗೆ ಹಿಡಿದರೆ ಬೇಗ ಬಿಡುವುದಿಲ್ಲ.

ಇನ್ನು ಯಾವ ನೀರು ಹಾಕುವುದು? ಮನೆಯ ಆರ್‌ಒ ನೀರು ಹಾಕಿದರೆ ಮುಗಿಯಿತು ಅಂದುಕೊಂಡೆ. ಅದೂ ಸರಿಹೋಗಲಿಲ್ಲ. ಸುಣ್ಣದ ಪೊರೆ ಹೋಯಿತು, ಆದರೆ ಕಾಫಿ ತೆಳ್ಳಗೆ, ಚುಚ್ಚುವ ಹುಳಿ. ಪುಡಿಯಿಂದ ರುಚಿ ಎಳೆಯಲು ನೀರಿನಲ್ಲಿ ಸ್ವಲ್ಪ ಖನಿಜ ಬೇಕೇ ಬೇಕು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಒಂದು ಟಿಡಿಎಸ್ ಮೀಟರ್ ತರಿಸಿ ಅಳೆದೆ. ಬೋರಿನ ನೀರು ಲೀಟರಿಗೆ 1040 ಮಿಲಿಗ್ರಾಂ, ನಳದ ನೀರು 310, ಆರ್‌ಒ 35. ಕಾಫಿ ಬಲ್ಲವರು 150ರ ಆಸುಪಾಸು ಒಳ್ಳೆಯದು ಅನ್ನುತ್ತಾರೆ. ಕಾಯಿಸಿ ಆರಿಸಿ ಸೋಸಿದ ನಳದ ನೀರು ಅರ್ಧ, ಆರ್‌ಒ ನೀರು ಅರ್ಧ ಬೆರೆಸಿದೆ. ಮೀಟರ್ 170 ತೋರಿಸಿತು. ಆ ದಿನ ಕುಡಿದ ಕಾಫಿ ಬೆಂಗಳೂರಿನದಕ್ಕಿಂತ ಚೆನ್ನಾಗಿತ್ತು ಅಂತ ಈಗಲೂ ಹೇಳುತ್ತೇನೆ. ಬೇಸಿಗೆಯಲ್ಲಿ ನಳ ಬಾರದ ದಿನಗಳಲ್ಲಿ ಏಳು ಲೋಟ ಆರ್‌ಒ ನೀರಿಗೆ ಕಾಯಿಸಿ ಸೋಸಿದ ಬೋರಿನ ನೀರು ಒಂದು ಲೋಟ ಬೆರೆಸುತ್ತೇನೆ. ಅದೂ ನಡೆಯುತ್ತದೆ, ಅಷ್ಟು ಹಿತವಿಲ್ಲ. ಟಿಡಿಎಸ್ ಮೀಟರ್ ಗಡಸುತನವನ್ನೇ ಅಳೆಯುವುದಿಲ್ಲ, ಕರಗಿದ ಲವಣಗಳ ಒಟ್ಟು ಅಂದಾಜು ಹೇಳುತ್ತದೆ ಅಷ್ಟೇ. ಸಾಬೂನು ನೊರೆ ಬರದ ನೀರು ಗಡಸು ಅಂತ ಮೀಟರ್ ಇಲ್ಲದೆಯೂ ಗೊತ್ತಾಗುತ್ತದೆ.

ನೀರು ಹದಕ್ಕೆ ಬಂದ ಮೇಲೆ ಉಳಿದ ತಪ್ಪುಗಳು ಎದ್ದು ಕಂಡವು. ಮಷೀನಿಗೆ ಎರಡು ಬಟನ್ ಇವೆ. ಸಣ್ಣದು 40 ಮಿಲಿ, ದೊಡ್ಡದು 110 ಮಿಲಿ. ಲೋಟ ತುಂಬಲಿ ಅಂತ ನಾನು ದೊಡ್ಡದನ್ನೇ ಒತ್ತುತ್ತಿದ್ದೆ. ಕ್ಯಾಪ್ಸೂಲಿನಲ್ಲಿ ಇರುವುದು ಐದಾರು ಗ್ರಾಂ ಪುಡಿ. ಮೊದಲ 40 ಮಿಲಿಯಲ್ಲೇ ಅದರ ಸತ್ವ ಇಳಿದಿರುತ್ತದೆ. ಆಮೇಲೆ ಬರುವುದು ಕಹಿ ನೀರು. ಈಗ ಯಾವಾಗಲೂ ಸಣ್ಣ ಬಟನ್ನೇ. ಕಾಫಿ ಜಾಸ್ತಿ ಬೇಕಾದರೆ ಇನ್ನೊಂದು ಕ್ಯಾಪ್ಸೂಲ್.

ಕ್ಯಾಪ್ಸೂಲ್ ಇಡುವ ಮೊದಲು ಒಂದು ಸಲ ಬರೀ ಬಿಸಿನೀರನ್ನು ಕಪ್ಪಿಗೆ ಬಿಟ್ಟು ಚೆಲ್ಲುತ್ತೇನೆ. ಮಷೀನೂ ಕಾಯುತ್ತದೆ, ಕಪ್ಪೂ ಕಾಯುತ್ತದೆ. 40 ಮಿಲಿ ಕಾಫಿಯ ಬಿಸಿಯನ್ನು ದಪ್ಪ ಪಿಂಗಾಣಿ ಕಪ್ಪು ಹೀರಿಬಿಡುತ್ತದೆ.

ಹಾಲು ಎಮ್ಮೆಯದು. ಕೆನೆ ಜಾಸ್ತಿ, ಹೆಚ್ಚು ಹಾಕಿದರೆ ಕಾಫಿಯೇ ಮುಚ್ಚಿಹೋಗುತ್ತದೆ. ಕೆನೆ ತೆಗೆದ ಬಿಸಿ ಹಾಲು 60 ಮಿಲಿ ಸಾಕು. ಫ್ರಿಜ್ಜಿನಿಂದ ತೆಗೆದ ಹಾಲನ್ನು ಹಾಗೇ ಸುರಿಯಬೇಡಿ.

ಇತ್ತೀಚೆಗೆ ತುಂಬಿಸಿ ಬಳಸುವ ಸ್ಟೀಲ್ ಕ್ಯಾಪ್ಸೂಲ್ ತಗೊಂಡಿದ್ದೇನೆ. ಚಿಕ್ಕಮಗಳೂರಿನ ಅರೇಬಿಕಾ ಪುಡಿ ತರಿಸಿ ನಾನೇ ತುಂಬುತ್ತೇನೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು, ಚಿಕೋರಿ ಬೆರೆತ ಪುಡಿ ಹಾಕಬೇಡಿ. ಚಿಕೋರಿ ನೀರು ಹೀರಿ ಮೆತ್ತಗಾಗುತ್ತದೆ. ಫಿಲ್ಟರಿನಲ್ಲಿ ಅದರಿಂದ ಲಾಭವೇ, ಡಿಕಾಕ್ಷನ್ ನಿಧಾನಕ್ಕೆ ಇಳಿದು ಗಟ್ಟಿಯಾಗುತ್ತದೆ. ಕ್ಯಾಪ್ಸೂಲಿನ ಸೂಜಿತೂತುಗಳಲ್ಲಿ ಅದು ಅಂಟಿಕೊಂಡು ಕಟ್ಟಿಬಿಡುತ್ತದೆ. ಪುಡಿ ಅಡುಗೆಯ ಪುಡಿ ಉಪ್ಪಿಗಿಂತ ಸ್ವಲ್ಪ ಸಣ್ಣಗಿರಬೇಕು, ಮೈದಾದಷ್ಟು ಅಲ್ಲ. ಐದು ಗ್ರಾಂ ತೂಗಿ, ಚಮಚದ ಬೆನ್ನಿನಿಂದ ಹಗುರಾಗಿ ಒತ್ತಿ, ಅಂಚಿನ ಪುಡಿ ಒರೆಸಿ ಮುಚ್ಚುತ್ತೇನೆ. 40 ಮಿಲಿ ಇಳಿಯಲು 20ರಿಂದ 30 ಸೆಕೆಂಡ್ ಹಿಡಿದರೆ ಸರಿ. ಹತ್ತೇ ಸೆಕೆಂಡಿಗೆ ಇಳಿದರೆ ಪುಡಿ ದಪ್ಪವಾಯಿತು, ನಿಮಿಷವಾದರೂ ಹನಿಯುತ್ತಿದ್ದರೆ ತೀರಾ ಸಣ್ಣವಾಯಿತು.

ನಮ್ಮ ಬಿಸಿಲಿಗೆ ಪುಡಿಯ ಘಮ ಬೇಗ ಹಾರುತ್ತದೆ. ಹಾಗಾಗಿ ಹುರಿದ ತಾರೀಖು ನೋಡಿ ಕಾಲು ಕಿಲೋಗಿಂತ ಜಾಸ್ತಿ ತರಿಸುವುದಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ, ಕೆಳಗಿನ ಕಪಾಟಿನಲ್ಲಿ ಪರ್ಸಿಯ ಮೇಲೇ ಇಡುತ್ತೇನೆ. ಮೇ ತಿಂಗಳಲ್ಲೂ ಆ ಕಲ್ಲು ಮುಟ್ಟಿದರೆ ತಣ್ಣಗಿರುತ್ತದೆ. ಅದರ ಪಕ್ಕದಲ್ಲೇ ಅವ್ವನ ಬ್ಯಾಳಿ ನೀರಿನ ಕೊಡ. ಬೆಳಿಗ್ಗೆ ಅದರಿಂದ ಒಂದು ಲೋಟ ನನ್ನ ಮಷೀನಿಗೆ ಅಂತ ಅವರೇ ಈಗ ಕಾಯಿಸಿ ಇಟ್ಟಿರುತ್ತಾರೆ.